ಸಾಯುತ್ತಿರುವ ಜೀವಕೋಶದಲ್ಲಿ ಪ್ರೋಟೀನುಗಳು ಎಲ್ಲೆಲ್ಲಿ ತುಂಡಾಗುತ್ತವೆ?

ಜೀವಕೋಶಗಳ ಸಾವನ್ನು ಅಧ್ಯಯನ ಮಾಡುವ ಯಾವ ಪ್ರಯೋಗಾಲಯಕ್ಕೆ ಹೋದರೂ ಒಂದು ವೆಸ್ಟರ್ನ್ ಬ್ಲಾಟ್ (ಪ್ರೋಟೀನುಗಳನ್ನು ಗಾತ್ರದಂತೆ ಬೇರ್ಪಡಿಸಿ, ಬೇಕಾದದ್ದನ್ನು ಪ್ರತಿಕಾಯದಿಂದ ಗುರುತಿಸುವ ವಿಧಾನ) ಚಿತ್ರ ಕಣ್ಣಿಗೆ ಬಿದ್ದೇ ಬೀಳುತ್ತದೆ. ಔಷಧ ಹಾಕದ ಕೋಶಗಳ ಸಾಲಿನಲ್ಲಿ 116 ಕಿಲೋಡಾಲ್ಟನ್ (ಪ್ರೋಟೀನಿನ ತೂಕದ ಅಳತೆ) ಮಟ್ಟದಲ್ಲಿ ಒಂದೇ ಕಪ್ಪು ಪಟ್ಟಿ ಇರುತ್ತದೆ. ಔಷಧ ಹಾಕಿದ ಕೋಶಗಳ ಸಾಲಿನಲ್ಲಿ ಆ ಪಟ್ಟಿ ಮಸುಕಾಗಿ, ಅದರ ಕೆಳಗೆ 89 ಕಿಲೋಡಾಲ್ಟನ್ ಮಟ್ಟದಲ್ಲಿ ಇನ್ನೊಂದು ಮೂಡಿರುತ್ತದೆ. ಅದು ಪಾರ್ಪ್-1 ಎಂಬ ಪ್ರೋಟೀನು. ಡಿಎನ್‌ಎಗೆ ಪೆಟ್ಟು ಬಿದ್ದಾಗ ಅದನ್ನು ಗುರುತಿಸಿ ದುರಸ್ತಿಗೆ ಕರೆ ಕೊಡುವುದು ಅದರ ಕೆಲಸ. ಕೋಶವು ಅಪೊಪ್ಟೋಸಿಸ್ ಎಂಬ ಯೋಜಿತ ಸಾವಿನ ಹಾದಿ ಹಿಡಿದಾಗ ಕ್ಯಾಸ್ಪೇಸ್ ಎಂಬ ಕಿಣ್ವವು ಈ ಪ್ರೋಟೀನಿನ 214ನೆಯ ಅಮೈನೊ ಆಮ್ಲವಾದ ಆಸ್ಪಾರ್ಟಿಕ್ ಆಮ್ಲದ ಪಕ್ಕದಲ್ಲಿ ಒಂದೇ ಒಂದು ಕಡೆ ಕಡಿಯುತ್ತದೆ. 24 ಕಿಲೋಡಾಲ್ಟನ್‌ನ ಒಂದು ಚಿಕ್ಕ ತುಂಡು ಮತ್ತು 89 ಕಿಲೋಡಾಲ್ಟನ್‌ನ ಒಂದು ದೊಡ್ಡ ತುಂಡು ಉಳಿಯುತ್ತವೆ. 1990ರ ದಶಕದ ಮೊದಲರ್ಧದಿಂದ ಇಂದಿನವರೆಗೂ, ಕೋಶ ಸತ್ತದ್ದು ಅಪೊಪ್ಟೋಸಿಸ್‌ನಿಂದಲೇ ಎಂದು ತೋರಿಸಬೇಕಾದವರೆಲ್ಲ ಈ ಕಡಿತವನ್ನೇ ಸಾಕ್ಷಿಯಾಗಿ ಮುಂದಿಡುತ್ತಾರೆ.

ಆದರೆ ಆ ಆಸ್ಪಾರ್ಟಿಕ್ ಆಮ್ಲವನ್ನು ಬದಲಿಸಿ, ಪಾರ್ಪ್-1 ಕಡಿಯಲಾಗದಂಥ ಇಲಿಗಳನ್ನು ಬೆಳೆಸಿ ನೋಡಿದಾಗ ಅವು ಸಹಜವಾಗಿಯೇ ಹುಟ್ಟಿ ಬೆಳೆದವು. ವ್ಯತ್ಯಾಸ ಕಂಡದ್ದು ಬೇರೆ ಕಡೆ: ಬ್ಯಾಕ್ಟೀರಿಯಾದ ಎಂಡೋಟಾಕ್ಸಿನ್ ಕೊಟ್ಟಾಗ ಉಂಟಾಗುವ ಆಘಾತವನ್ನು ಆ ಇಲಿಗಳು ಉಳಿದವಕ್ಕಿಂತ ಚೆನ್ನಾಗಿ ತಾಳಿಕೊಂಡವು. ಅಂದರೆ ಅಪೊಪ್ಟೋಸಿಸ್‌ನ ಅತ್ಯಂತ ಪ್ರಸಿದ್ಧ ಕಡಿತವೇ ದೇಹದ ಸಹಜ ಬೆಳವಣಿಗೆಗೆ ಬೇಕಾದ ಸಾವುಗಳಿಗೆ ಅನಿವಾರ್ಯವಾಗಿರಲಿಲ್ಲ. ಈ ಸಂಗತಿಯನ್ನು ಮೊದಲಿಗೇ ಹೇಳಲು ಕಾರಣವಿದೆ. ಕಳೆದ ಎರಡು ದಶಕಗಳಲ್ಲಿ, ಕೋಶದ ಪ್ರೋಟೀನುಗಳನ್ನೆಲ್ಲ ಒಟ್ಟಿಗೆ ಅಧ್ಯಯನ ಮಾಡುವ ಪ್ರೋಟಿಯೋಮಿಕ್ಸ್ ಇಂಥ ಕಡಿತಗಳ ದೊಡ್ಡ ದೊಡ್ಡ ಪಟ್ಟಿಗಳನ್ನು ನಮ್ಮ ಕೈಗಿತ್ತಿದೆ. ಎಲ್ಲಿ ಕಡಿಯಿತು ಎಂಬ ಪ್ರಶ್ನೆಗೆ ಇಂದು ಉತ್ತರ ಕಂಡುಕೊಳ್ಳುವುದು ಕಷ್ಟವಲ್ಲ. ಎಷ್ಟು ಕಡಿಯಿತು, ಯಾವಾಗ ಕಡಿಯಿತು, ಕಡಿದ ತುಂಡು ಮುಂದೇನಾಯಿತು ಎಂಬುದು ತಿಳಿಯದೆ ಅಂಥ ಪಟ್ಟಿಯನ್ನು ಓದಬಾರದು ಎಂಬುದು ನನ್ನ ಅಭಿಪ್ರಾಯ. ಈ ಬರಹ ಅದರ ಸುತ್ತಲೇ ಇದೆ.

ಹಿನ್ನೆಲೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. 1972ರಲ್ಲಿ ಕೆರ್, ವೈಲಿ ಮತ್ತು ಕರಿ ಎಂಬ ಮೂವರು ಈ ಬಗೆಯ ಸಾವಿಗೆ ಅಪೊಪ್ಟೋಸಿಸ್ ಎಂಬ ಹೆಸರು ಕೊಟ್ಟರು. ಸೀನೋರಾಬ್ಡೈಟಿಸ್ ಎಲಿಗನ್ಸ್ ಎಂಬ ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ ಹುಟ್ಟುವ 1,090 ದೇಹಕೋಶಗಳ ಪೈಕಿ 131 ಕೋಶಗಳು ಪ್ರತಿಯೊಂದು ಹುಳುವಿನಲ್ಲೂ ನಿಗದಿತ ಹೊತ್ತಿಗೆ ಸಾಯುತ್ತವೆ ಎಂಬುದು ಆಮೇಲೆ ತಿಳಿಯಿತು. ಆ ಸಾವಿಗೆ ಬೇಕಾದ ಸೆಡ್-3 ಎಂಬ ಜೀನು ಮನುಷ್ಯರಲ್ಲಿ ಆಗಷ್ಟೇ ಗೊತ್ತಾಗಿದ್ದ ಒಂದು ಪ್ರೋಟೀನು ಕಡಿಯುವ ಕಿಣ್ವವನ್ನು ಹೋಲುತ್ತದೆ ಎಂದು 1993ರಲ್ಲಿ ಹಾರ್ವಿಟ್ಜ್ ಅವರ ತಂಡ ತೋರಿಸಿತು. ಕ್ಯಾಸ್ಪೇಸ್ ಎಂಬ ಕುಲನಾಮ ಬಂದದ್ದು 1996ರಲ್ಲಿ. ಹುಳುವಿನ ಕೆಲಸಕ್ಕಾಗಿ ಬ್ರೆನರ್, ಹಾರ್ವಿಟ್ಜ್ ಮತ್ತು ಸಲ್ಸ್ಟನ್ ಅವರಿಗೆ 2002ರ ನೊಬೆಲ್ ಪ್ರಶಸ್ತಿ ಸಂದಿತು.

ಕ್ಯಾಸ್ಪೇಸ್‌ಗಳ ಸ್ವಭಾವವನ್ನು ಸರಿಯಾಗಿ ತಿಳಿದುಕೊಳ್ಳದಿದ್ದರೆ ಮುಂದಿನ ಯಾವುದೂ ಅರ್ಥವಾಗುವುದಿಲ್ಲ. ಹೊಟ್ಟೆಯಲ್ಲಿನ ಪೆಪ್ಸಿನ್ ಅಥವಾ ಕೋಶದೊಳಗಿನ ಪ್ರೋಟಿಯಾಸೋಮ್ ಪ್ರೋಟೀನನ್ನು ಚೂರುಚೂರು ಮಾಡುತ್ತವೆ. ಕ್ಯಾಸ್ಪೇಸ್ ಹಾಗೆ ಮಾಡುವುದಿಲ್ಲ. ಬಹುತೇಕ ಆಸ್ಪಾರ್ಟಿಕ್ ಆಮ್ಲದ ನಂತರವೇ, ಅದೂ ಅದರ ಮುಂದೆ ಗ್ಲೈಸೀನ್, ಸೀರೀನ್ ಅಥವಾ ಅಲನೀನ್‌ನಂಥ ಸಣ್ಣ ಅಮೈನೊ ಆಮ್ಲವಿದ್ದು, ಆ ಜಾಗ ಪ್ರೋಟೀನಿನ ಹೊರಮೈಯಲ್ಲಿ ಸಡಿಲವಾಗಿ ಚಾಚಿಕೊಂಡಿದ್ದರೆ ಮಾತ್ರ ಕಡಿಯುತ್ತದೆ. ಹೀಗಾಗಿ ಒಂದು ಪ್ರೋಟೀನಿನಲ್ಲಿ ಆಗುವುದು ಸಾಮಾನ್ಯವಾಗಿ ಒಂದೋ ಎರಡೋ ಕಡಿತ. ಉಳಿದ ತುಂಡುಗಳು ಮಡಚಿಕೊಂಡ ಆಕಾರದಲ್ಲೇ ಇರುತ್ತವೆ, ಕೆಲವೊಮ್ಮೆ ಹೊಸ ಕೆಲಸವನ್ನೂ ಆರಂಭಿಸುತ್ತವೆ. ರಾಕ್-1 ಎಂಬ, ಬೇರೆ ಪ್ರೋಟೀನುಗಳಿಗೆ ಫಾಸ್ಫೇಟ್ ಸೇರಿಸುವ ಕೈನೇಸ್ ಕಿಣ್ವದ ತುದಿಯಲ್ಲಿ ಅದನ್ನು ತಡೆದಿಡುವ ಭಾಗವೊಂದಿದೆ; ಕ್ಯಾಸ್ಪೇಸ್ ಆ ಭಾಗವನ್ನು ಕಡಿದು ತೆಗೆದೊಡನೆ ಕೈನೇಸ್ ಎಡೆಬಿಡದೆ ಕೆಲಸ ಮಾಡತೊಡಗಿ, ಸಾಯುವ ಕೋಶದ ಮೈಮೇಲೆ ಗುಳ್ಳೆಗಳೇಳುತ್ತವೆ. ಕ್ಯಾಡ್ ಎಂಬ ಡಿಎನ್‌ಎ ಕತ್ತರಿಸುವ ಕಿಣ್ವವನ್ನು ಐಕ್ಯಾಡ್ ಎಂಬ ಪ್ರೋಟೀನು ಹಿಡಿದಿಟ್ಟುಕೊಂಡಿರುತ್ತದೆ. ಐಕ್ಯಾಡ್ ತುಂಡಾದಾಗ ಕ್ಯಾಡ್ ಬಿಡುಗಡೆಯಾಗಿ, ಜೆಲ್ ಮೇಲೆ ಏಣಿಯಂತೆ ಕಾಣುವ, ಸುಮಾರು 180 ಬೇಸ್ ಜೋಡಿಗಳ ಗುಣಕಗಳಲ್ಲಿ ಡಿಎನ್‌ಎ ತುಂಡಾಗುತ್ತದೆ. ಎಕ್ಸ್‌ಕೆಆರ್-8 ಎಂಬ ಪೊರೆಯ ಪ್ರೋಟೀನು ಕಡಿತಗೊಂಡಾಗ ಒಳಪದರದಲ್ಲಿದ್ದ ಫಾಸ್ಫಟಿಡೈಲ್‌ಸೀರೀನ್ ಹೊರಮೈಗೆ ಬರುತ್ತದೆ, ಅದನ್ನು ಕಂಡ ಭಕ್ಷಕ ಕೋಶಗಳು ಸಾಯುತ್ತಿರುವ ಕೋಶವನ್ನು ನುಂಗುತ್ತವೆ. ಬಿಡ್ ಎಂಬ ಪ್ರೋಟೀನಿನ ಕಥೆ ಇನ್ನೂ ಸ್ವಾರಸ್ಯದ್ದು: ಕ್ಯಾಸ್ಪೇಸ್-8 ಅದನ್ನು ಕಡಿದ ಮೇಲೆ ಹೊಸದಾಗಿ ತೆರೆದುಕೊಂಡ ಗ್ಲೈಸೀನ್ ತುದಿಗೆ ಮಿರಿಸ್ಟೇಟ್ ಎಂಬ ಕೊಬ್ಬಿನ ಸರಪಳಿ ಅಂಟಿಕೊಂಡು, ಆ ತುಂಡು ಮೈಟೊಕಾಂಡ್ರಿಯಾಕ್ಕೆ ಹೋಗಿ, ಸಾವನ್ನು ಮುಂದೊತ್ತುವ ಸೈಟೊಕ್ರೋಮ್ ಸಿ ಹೊರಬರಲು ಕಾರಣವಾಗುತ್ತದೆ.

ಇವೆಲ್ಲ ಒಂದೊಂದಾಗಿ ಪತ್ತೆಯಾದವು. ಯಾರೋ ತಮಗೆ ಆಸಕ್ತಿಯಿರುವ ಪ್ರೋಟೀನಿಗೆ ಪ್ರತಿಕಾಯ ಇಟ್ಟುಕೊಂಡು ಬ್ಲಾಟ್ ಮಾಡುತ್ತಿದ್ದರು, ಕೆಳಗೆ ಹೊಸ ಪಟ್ಟಿ ಕಂಡರೆ ಪ್ರಕಟಿಸುತ್ತಿದ್ದರು. ಹುಡುಕಿದ್ದನ್ನಷ್ಟೇ ಕಾಣುವ ಕ್ರಮ ಇದು. ಮಾನವ ಜೀನೋಮಿನಲ್ಲಿ ಪ್ರೋಟೀನು ತಯಾರಿಸುವ ಸುಮಾರು 20,000 ಜೀನುಗಳಿವೆ. ಅವುಗಳ ಪೈಕಿ ಯಾವುವು ತುಂಡಾಗುತ್ತವೆ ಎಂದು ಮುಂಚಿತವಾಗಿ ಊಹಿಸದೆ ಕೇಳಬೇಕಾದರೆ ಅಣುಗಳ ತೂಕ ಅಳೆದು ಅವುಗಳನ್ನು ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರ್ ಬೇಕು.

ಆದರೆ ಮಾಸ್ ಸ್ಪೆಕ್ಟ್ರೋಮೀಟರನ್ನು ಬಳಸುವ ಸಾಮಾನ್ಯ ಕ್ರಮದಲ್ಲಿ ಈ ಪ್ರಶ್ನೆಗೇ ಅಡ್ಡಿಯಾಗುವ ಒಂದು ಅಂಶವಿದೆ. ಇಡೀ ಪ್ರೋಟೀನನ್ನು ಆ ಯಂತ್ರಕ್ಕೆ ಕೊಡುವುದು ಕಷ್ಟವಾದ್ದರಿಂದ ನಾವು ಮೊದಲು ಟ್ರಿಪ್ಸಿನ್ ಎಂಬ ಕಿಣ್ವ ಹಾಕಿ ಲೈಸೀನ್ ಮತ್ತು ಆರ್ಜಿನೀನ್‌ಗಳ ನಂತರ ಎಲ್ಲವನ್ನೂ ಕಡಿಯುತ್ತೇವೆ. ಸುಮಾರು 450 ಅಮೈನೊ ಆಮ್ಲಗಳ ಒಂದು ಪ್ರೋಟೀನು ಹೀಗೆ ಪೆಪ್ಟೈಡುಗಳೆಂಬ ಐವತ್ತರಷ್ಟು ಸಣ್ಣ ತುಣುಕುಗಳಾಗುತ್ತದೆ. ಕ್ಯಾಸ್ಪೇಸ್ ಮಾಡಿದ ಒಂದು ಕಡಿತದ ಗುರುತು ಆ ಐವತ್ತರಲ್ಲಿ ಒಂದೆರಡು ಪೆಪ್ಟೈಡುಗಳಲ್ಲಿ ಮಾತ್ರ ಇರುತ್ತದೆ. ಉಳಿದವೆಲ್ಲ ಕಡಿಯದ ಪ್ರೋಟೀನಿನಿಂದ ಬಂದವುಗಳಂತೆಯೇ ಇರುತ್ತವೆ. ನಾವು ಮಾಡಿದ ಲಕ್ಷಾಂತರ ಕಡಿತಗಳ ನಡುವೆ ಕೋಶ ತಾನೇ ಮಾಡಿಕೊಂಡ ಕಡಿತವನ್ನು ಬೇರ್ಪಡಿಸುವುದು ಹೇಗೆ ಎಂಬುದೇ ಈ ಕ್ಷೇತ್ರದ ಮೂಲ ಸಮಸ್ಯೆ.

ಇದಕ್ಕೆ ನೆರವಾದದ್ದು ಪ್ರೋಟೀನಿನ ಆರಂಭದ ತುದಿ, ಅಂದರೆ ಎನ್-ತುದಿ. ಮಾನವ ಕೋಶಗಳಲ್ಲಿ ಶೇಕಡಾ 80ಕ್ಕೂ ಹೆಚ್ಚು ಪ್ರೋಟೀನುಗಳ ಎನ್-ತುದಿಗೆ ಅಸಿಟೈಲ್ ಗುಂಪು ಅಂಟಿಕೊಂಡಿರುತ್ತದೆ. ಅಲ್ಲಿ ರಾಸಾಯನಿಕವಾಗಿ ಏನನ್ನೂ ಸೇರಿಸಲಾಗದು. ಕೋಶದೊಳಗೆ ಪ್ರೋಟೀನು ತುಂಡಾದರೆ ಹೊಸದಾಗಿ ತೆರೆದುಕೊಂಡ ತುದಿಯಲ್ಲಿ ಅಮೈನ್ ಬರಿದಾಗಿರುತ್ತದೆ. ಅಂಚು ಮಡಿಸಿ ಹೊಲಿದ ಪಂಚೆಯನ್ನು ನಡುವೆ ಹರಿದರೆ ಹರಿದ ಕಡೆ ಹೊಲಿಗೆ ಇರುವುದಿಲ್ಲವಲ್ಲ, ಹಾಗೆ. ಟ್ರಿಪ್ಸಿನ್ ಹಾಕುವ ಮೊದಲೇ ಈ ಬರಿ ತುದಿಗಳಿಗೆ ಗುರುತು ಹಾಕಿಬಿಟ್ಟರೆ, ಆಮೇಲೆ ನಾವು ಎಷ್ಟು ಕಡಿದರೂ ಕೋಶದ ಕಡಿತವನ್ನು ಗುರುತಿಸಬಹುದು.

ಬೆಲ್ಜಿಯಂನ ಗೆಂಟ್‌ನಲ್ಲಿ ಗೆವರ್ಟ್ ಮತ್ತು ವಾಂಡೆಕೆರ್ಕ್‌ಹೋವ್ ಅವರ ತಂಡ 2003ರಲ್ಲಿ ಕೋಫ್ರಾಡಿಕ್ ಎಂಬ ವಿಧಾನದ ಮೂಲಕ ಇದನ್ನು ತಿರುವುಮುರುವಾಗಿ ಸಾಧಿಸಿತು. ಮೊದಲು ಎಲ್ಲ ಬರಿ ಅಮೈನ್‌ಗಳನ್ನೂ ಮುಚ್ಚಿ, ಆಮೇಲೆ ಟ್ರಿಪ್ಸಿನ್ ಹಾಕಿ, ಪೆಪ್ಟೈಡುಗಳನ್ನು ಕ್ರೊಮೆಟೋಗ್ರಫಿಯಲ್ಲಿ ಬೇರ್ಪಡಿಸುತ್ತಾರೆ. ಬಳಿಕ ಟ್ರಿಪ್ಸಿನ್‌ನಿಂದ ಹುಟ್ಟಿದ ಪೆಪ್ಟೈಡುಗಳಿಗೆ ಮಾತ್ರ ಅಂಟುವ ರಾಸಾಯನಿಕ ಹಾಕಿ, ಅದೇ ಕ್ರೊಮೆಟೋಗ್ರಫಿಯನ್ನು ಮತ್ತೊಮ್ಮೆ ನಡೆಸಿದರೆ ಅವು ಜಾಗ ಬದಲಿಸುತ್ತವೆ. ಜಾಗ ಬದಲಿಸದೆ ಉಳಿದವು ನಮಗೆ ಬೇಕಾದ ತುದಿಗಳು. ಶ್ರಮದಾಯಕ ಕೆಲಸ, ಆದರೆ ಇದರಿಂದಲೇ 2005ರಲ್ಲಿ, ಸಾವಿನ ಸಂದೇಶ ಪಡೆಯುವ ಫಾಸ್ ಎಂಬ ಗ್ರಾಹಿಯ ಮೂಲಕ ಸಾಯಿಸಿದ ಜರ್ಕಾಟ್ ಕೋಶಗಳಲ್ಲಿನ ಕಡಿತಗಳ ಮೊದಲ ದೊಡ್ಡ ಪಟ್ಟಿ ಸಿಕ್ಕಿತು. ಜರ್ಕಾಟ್ ಎಂಬುದು ರಕ್ತದ ಕ್ಯಾನ್ಸರ್ ಇದ್ದ ಒಬ್ಬ ಹುಡುಗನಿಂದ ಪಡೆದ ಟಿ ಕೋಶಗಳ ಸಂತತಿ. ಈ ಕ್ಷೇತ್ರದ ಬಹುಪಾಲು ಜ್ಞಾನ ಆ ಒಂದೇ ಸಂತತಿಯ ಮೇಲೆ ನಿಂತಿದೆ ಎಂಬುದನ್ನು ಓದುಗರು ನೆನಪಿಡುವುದು ಒಳ್ಳೆಯದು.

2008ರ ಆಗಸ್ಟ್ ಕೊನೆ ಮತ್ತು ಸೆಪ್ಟೆಂಬರ್ ಮೊದಲಿನಲ್ಲಿ ಸೆಲ್ ಪತ್ರಿಕೆಯ ಒಂದರ ಹಿಂದೊಂದು ಸಂಚಿಕೆಗಳಲ್ಲಿ ಎರಡು ಪ್ರಬಂಧಗಳು ಬಂದವು. ಒಂದು ಸ್ಯಾನ್ ಫ್ರಾನ್ಸಿಸ್ಕೊದ ಜಿಮ್ ವೆಲ್ಸ್ ಅವರ ತಂಡದ್ದು, ಇನ್ನೊಂದು ಸ್ಕ್ರಿಪ್ಸ್ ಸಂಸ್ಥೆಯ ಬೆನ್ ಕ್ರಾವಾಟ್ ಅವರ ತಂಡದ್ದು. ಒಂದೇ ಪ್ರಶ್ನೆಗೆ ಎರಡು ಬೇರೆ ಬಗೆಯ ಉತ್ತರಗಳನ್ನು ಅಕ್ಕಪಕ್ಕ ಇಟ್ಟು ಓದಲು ಸಿಗುವುದು ಅಪರೂಪ. ಈ ವಿಷಯಕ್ಕೆ ಹೊಸದಾಗಿ ಬರುವ ವಿದ್ಯಾರ್ಥಿಗಳಿಗೆ ಇವತ್ತಿಗೂ ನಾನು ಮೊದಲು ಓದಲು ಹೇಳುವುದು ಈ ಎರಡನ್ನೇ.

ವೆಲ್ಸ್ ತಂಡ ಬಳಸಿದ್ದು ಸಬ್ಟಿಲಿಗೇಸ್ ಎಂಬ ಕಿಣ್ವವನ್ನು. ಬಟ್ಟೆ ಒಗೆಯುವ ಪುಡಿಯಲ್ಲಿ ಬಳಸುವ ಸಬ್ಟಿಲಿಸಿನ್ ಕುಲದ, ಪ್ರೋಟೀನು ಕಡಿಯುವ ಕಿಣ್ವದಲ್ಲಿ ಎರಡು ಅಮೈನೊ ಆಮ್ಲಗಳನ್ನು ಬದಲಿಸಿ, ಕಡಿಯುವುದರ ಬದಲು ಜೋಡಿಸುವಂತೆ ಅದನ್ನು ಮಾರ್ಪಡಿಸಿದ್ದರು. ಆ ಕೆಲಸ 1991ರಷ್ಟು ಹಿಂದೆಯೇ, ವೆಲ್ಸ್ ಜೆನೆನ್‌ಟೆಕ್ ಕಂಪನಿಯಲ್ಲಿದ್ದಾಗ ಆಗಿತ್ತು. ಈ ಕಿಣ್ವದ ಹೆಚ್ಚುಗಾರಿಕೆಯೇನೆಂದರೆ, ಲೈಸೀನಿನ ಪಕ್ಕದ ಸರಪಳಿಯಲ್ಲಿರುವ ಅಮೈನನ್ನು ಮುಟ್ಟದೆ ಪ್ರೋಟೀನಿನ ಎನ್-ತುದಿಯ ಅಮೈನಿಗೆ ಮಾತ್ರ ಬಯೋಟಿನ್ ಹೊತ್ತ ಒಂದು ಪೆಪ್ಟೈಡನ್ನು ಅಂಟಿಸುತ್ತದೆ. ಆಮೇಲೆ ಟ್ರಿಪ್ಸಿನ್ ಹಾಕಿ, ಬಯೋಟಿನ್ ಇರುವ ಪೆಪ್ಟೈಡುಗಳನ್ನು ಬಯೋಟಿನ್‌ಗೆ ಬಿಗಿಯಾಗಿ ಅಂಟುವ ಅವಿಡಿನ್ ಮಣಿಗಳ ಮೇಲೆ ಹಿಡಿದು, ಉಳಿದದ್ದನ್ನೆಲ್ಲ ತೊಳೆದುಬಿಡುತ್ತಾರೆ. ಕೊನೆಗೆ ತಂಬಾಕಿನ ವೈರಸ್ಸೊಂದರಿಂದ ಪಡೆದ ಟಿಇವಿ ಎಂಬ ಕಿಣ್ವದಿಂದ ಪೆಪ್ಟೈಡನ್ನು ಮಣಿಯಿಂದ ಬಿಡಿಸಿದಾಗ ಅದರ ತುದಿಯಲ್ಲಿ ಸೀರೀನ್ ಮತ್ತು ಟೈರೊಸೀನ್ ಎರಡೂ ಉಳಿದುಕೊಳ್ಳುತ್ತವೆ. ಸುಮಾರು 250 ಡಾಲ್ಟನ್‌ನ ಆ ಹೆಚ್ಚುವರಿ ತೂಕವೇ ಈ ತುದಿ ಪ್ರೋಟೀನಿನಲ್ಲಿ ಬರಿದಾಗಿತ್ತು ಎಂಬುದಕ್ಕೆ ಪುರಾವೆ. ಎಟೊಪೊಸೈಡ್ ಔಷಧದಿಂದ ಸಾಯಿಸಿದ ಜರ್ಕಾಟ್ ಕೋಶಗಳಲ್ಲಿ ಹೀಗೆ 292 ಪ್ರೋಟೀನುಗಳಲ್ಲಿ 333 ಕ್ಯಾಸ್ಪೇಸ್ ಕಡಿತದ ತಾಣಗಳು ಸಿಕ್ಕವು. ಪ್ರತಿಯೊಂದೂ ನಿಖರವಾಗಿ ಯಾವ ಅಮೈನೊ ಆಮ್ಲದ ನಂತರ ಎಂಬುದರ ಸಹಿತ.

ಕ್ರಾವಾಟ್ ತಂಡದ ಪ್ರೋಟೊಮ್ಯಾಪ್ ವಿಧಾನದಲ್ಲಿ ಇಂಥ ಚಮತ್ಕಾರವೇನೂ ಇಲ್ಲ, ಅದಕ್ಕೇ ನನಗೆ ಅದು ಹೆಚ್ಚು ಇಷ್ಟ. ಬದುಕಿರುವ ಕೋಶಗಳ ಮತ್ತು ಸ್ಟಾರೊಸ್ಪೊರಿನ್‌ನಿಂದ ಸಾಯುತ್ತಿರುವ ಕೋಶಗಳ ಪ್ರೋಟೀನುಗಳನ್ನು ಅಕ್ಕಪಕ್ಕದ ಸಾಲುಗಳಲ್ಲಿ ಜೆಲ್ ಮೇಲೆ ಓಡಿಸಿ, ಜೆಲ್ಲನ್ನು ಮೇಲಿನಿಂದ ಕೆಳಗಿನವರೆಗೆ ಪಟ್ಟಿಪಟ್ಟಿಯಾಗಿ ಕೊಯ್ದು, ಪ್ರತಿ ಪಟ್ಟಿಯನ್ನೂ ಬೇರೆಬೇರೆಯಾಗಿ ಟ್ರಿಪ್ಸಿನ್ ಹಾಕಿ ಮಾಸ್ ಸ್ಪೆಕ್ಟ್ರೋಮೀಟರಿಗೆ ಕೊಟ್ಟರು. ಒಂದು ಪ್ರೋಟೀನಿನ ಆರಂಭದ ಭಾಗದ ಪೆಪ್ಟೈಡುಗಳು ಜೆಲ್ಲಿನ ಒಂದು ಎತ್ತರದಲ್ಲೂ ಕೊನೆಯ ಭಾಗದವು ಇನ್ನೊಂದು ಎತ್ತರದಲ್ಲೂ ಸಿಕ್ಕರೆ ಅದು ನಡುವೆ ಎಲ್ಲೋ ತುಂಡಾಗಿದೆ ಎಂದು ತಿಳಿಯುತ್ತದೆ. ಪ್ರತಿ ಪ್ರೋಟೀನಿಗೂ ಅವರು ಒಂದು ನಕ್ಷೆ ಬರೆದರು: ಅಡ್ಡಕ್ಕೆ ಪೆಪ್ಟೈಡಿನ ಸ್ಥಾನ, ಉದ್ದಕ್ಕೆ ಜೆಲ್ಲಿನ ಎತ್ತರ. ಯಾವ ಅಮೈನೊ ಆಮ್ಲದ ಬಳಿ ಕಡಿಯಿತೆಂದು ಈ ನಕ್ಷೆ ನಿಖರವಾಗಿ ಹೇಳುವುದಿಲ್ಲ. ಆದರೆ ಇಡಿಯಾದ ಪ್ರೋಟೀನು ಇನ್ನೂ ಎಷ್ಟು ಉಳಿದಿದೆ, ತುಂಡುಗಳು ಎಷ್ಟು ದೊಡ್ಡವು, ಕೆಲವು ಗಂಟೆಗಳ ನಂತರವೂ ಅವು ಇವೆಯೇ ಅಥವಾ ಕರಗಿಹೋದವೇ ಎಂಬುದು ಒಂದೇ ನೋಟಕ್ಕೆ ಕಾಣುತ್ತದೆ. 261 ಪ್ರೋಟೀನುಗಳು ತುಂಡಾಗಿದ್ದವು, ಅವುಗಳಲ್ಲಿ 170 ಹಿಂದೆ ಗೊತ್ತಿರಲಿಲ್ಲ. ಅದಕ್ಕಿಂತ ಮುಖ್ಯವಾದದ್ದು, ಅನೇಕ ತುಂಡುಗಳು ನಾಶವಾಗದೆ ಉಳಿದುಕೊಂಡಿದ್ದವು ಮತ್ತು ಅವುಗಳಲ್ಲಿ ಪ್ರೋಟೀನಿನ ಕ್ರಿಯಾಶೀಲ ಭಾಗಗಳು ಇಡಿಯಾಗಿಯೇ ಇದ್ದವು ಎಂಬ ಅಂಶ.

ಎರಡೂ ಪಟ್ಟಿಗಳನ್ನು ಒಂದರ ಮೇಲೊಂದು ಇಟ್ಟರೆ ಭಾಗಶಃ ಮಾತ್ರ ಹೊಂದುತ್ತವೆ. ಮೊದಲ ಬಾರಿ ಇದನ್ನು ಕಂಡವರು ಯಾವುದೋ ಒಂದು ತಪ್ಪಿರಬೇಕು ಎಂದುಕೊಳ್ಳುತ್ತಾರೆ. ನಿಜವಾದ ಕಾರಣಗಳು ಇನ್ನೂ ಸರಳವಾದವು. ಸಾಯಿಸಿದ ಔಷಧ ಬೇರೆ, ಹೊತ್ತು ಬೇರೆ. ತುದಿ ಹಿಡಿಯುವ ವಿಧಾನದಲ್ಲಿ ಒಂದು ಕಡಿತಕ್ಕೆ ಒಂದೇ ಪೆಪ್ಟೈಡು ಸಾಕ್ಷಿ. ಕಡಿತದ ಜಾಗದಿಂದ ನಾಲ್ಕೈದು ಅಮೈನೊ ಆಮ್ಲಗಳಾಚೆಯೇ ಲೈಸೀನ್ ಇದ್ದುಬಿಟ್ಟರೆ ಆ ಪೆಪ್ಟೈಡು ತೀರಾ ಚಿಕ್ಕದಾಗಿ ಯಂತ್ರದ ಕಣ್ಣಿಗೇ ಬೀಳುವುದಿಲ್ಲ, ಬಹಳ ದೂರದವರೆಗೆ ಲೈಸೀನಾಗಲಿ ಆರ್ಜಿನೀನಾಗಲಿ ಇಲ್ಲದಿದ್ದರೆ ತೀರಾ ಉದ್ದವಾಗಿ ಗುರುತು ಸಿಗುವುದಿಲ್ಲ. ಜೆಲ್ಲಿನ ವಿಧಾನದಲ್ಲಿ ಪ್ರೋಟೀನಿನ ಶೇಕಡಾ ಒಂದೆರಡು ಭಾಗ ಮಾತ್ರ ತುಂಡಾಗಿದ್ದರೆ ಅಥವಾ ತುದಿಯಿಂದ ಸಣ್ಣ ಚೂರು ಮಾತ್ರ ಉದುರಿದ್ದರೆ ನಕ್ಷೆಯಲ್ಲಿ ಅದು ಕಾಣುವುದೇ ಇಲ್ಲ. ಒಂದು ವಿಧಾನ ಅತಿ ಸಣ್ಣ ಪ್ರಮಾಣದ ಕಡಿತವನ್ನೂ ಹಿಡಿದು ತೋರಿಸುತ್ತದೆ, ಪ್ರಮಾಣ ಮಾತ್ರ ಹೇಳುವುದಿಲ್ಲ. ಇನ್ನೊಂದು ಪ್ರಮಾಣ ಹೇಳುತ್ತದೆ, ಸಣ್ಣದನ್ನು ಕಾಣುವುದಿಲ್ಲ. 2010ರಲ್ಲಿ ವ್ಯಾಂಕೂವರ್‌ನ ಕ್ರಿಸ್ ಓವರಾಲ್ ಅವರ ತಂಡದಿಂದ ಬಂದ ಟೇಲ್ಸ್, 2019ರಲ್ಲಿ ಅದೇ ಊರಿನಿಂದ ಅತಿ ಕಡಿಮೆ ಕೋಶಗಳಿಗೆಂದು ಬಂದ ಹಂಟರ್ ಇವೆಲ್ಲ ತುದಿ ಹಿಡಿಯುವುದನ್ನು ಸುಲಭಗೊಳಿಸಿದವು, ಆದರೆ ಈ ಮೂಲ ಭೇದವನ್ನು ಅಳಿಸಲಿಲ್ಲ.

ಪ್ರಯೋಗದ ಮೇಜಿನ ಮೇಲೆ ಎಚ್ಚರ ತಪ್ಪಿಸುವ ಕೆಲವು ವಿಷಯಗಳನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಪ್ರಬಂಧಗಳಲ್ಲಿ ಇವು ವಿಧಾನದ ವಿಭಾಗದ ಒಂದು ಸಾಲಿನಲ್ಲಿ ಮುಗಿದುಹೋಗುತ್ತವೆ. ಕೋಶವನ್ನು ಒಡೆದ ಮಾತ್ರಕ್ಕೆ ಕ್ಯಾಸ್ಪೇಸ್ ಸುಮ್ಮನಾಗುವುದಿಲ್ಲ. ಪೊರೆಗಳ ಗಡಿ ಅಳಿದುಹೋದ ಆ ದ್ರಾವಣದಲ್ಲಿ ಅದು ಜೀವಂತ ಕೋಶದಲ್ಲಿ ಎಂದೂ ಮುಖಾಮುಖಿಯಾಗದಿದ್ದ ಪ್ರೋಟೀನುಗಳನ್ನೂ ಕಡಿಯಬಹುದು. ಆದ್ದರಿಂದ ಒಡೆಯುವ ದ್ರಾವಣದಲ್ಲೇ ತಡೆಕಾರಕ ಇರಬೇಕು ಅಥವಾ ಎಸ್‌ಡಿಎಸ್ ಎಂಬ ಮಾರ್ಜಕ ಹಾಕಿ ಕೂಡಲೇ ಕುದಿಸಬೇಕು. ಆಸ್ಪಾರ್ಟಿಕ್ ಆಮ್ಲ ಮತ್ತು ಪ್ರೋಲೀನ್ ನಡುವಿನ ಬಂಧ ಆಮ್ಲೀಯ ದ್ರಾವಣದಲ್ಲಿ, ಅದರಲ್ಲೂ ಬಿಸಿ ಮಾಡಿದರೆ, ತಾನಾಗಿಯೇ ಮುರಿಯುತ್ತದೆ. ಪಟ್ಟಿಯಲ್ಲಿ ಆಸ್ಪಾರ್ಟಿಕ್ ಆಮ್ಲದ ಮುಂದೆ ಪ್ರೋಲೀನ್ ಇರುವ ತಾಣ ಕಂಡರೆ ನಾನು ಅದನ್ನು ಮೊದಲು ಸಂಶಯಿಸುತ್ತೇನೆ. ಪಾತ್ರೆಯಲ್ಲಿ ಬೆಳೆದ ಕೋಶಗಳನ್ನು ನುಂಗಲು ಭಕ್ಷಕ ಕೋಶಗಳಿಲ್ಲದ ಕಾರಣ, ಬಹಳ ಹೊತ್ತು ಬಿಟ್ಟರೆ ಅವು ಒಡೆದುಹೋಗಿ ಕ್ಯಾಲ್ಪೈನ್, ಕ್ಯಾಥೆಪ್ಸಿನ್ ಮುಂತಾದ ಬೇರೆ ಕಿಣ್ವಗಳ ಕಡಿತಗಳೂ ಸೇರಿಕೊಳ್ಳುತ್ತವೆ. ಅದನ್ನು ತಿಳಿಯಲು ಝಡ್‌ವ್ಯಾಡ್ ಎಂಬ ಕ್ಯಾಸ್ಪೇಸ್ ತಡೆಕಾರಕವನ್ನು ಹಾಕಿ ಹೋಲಿಸುವುದು ರೂಢಿ, ಆದರೆ ಅದು ಕ್ಯಾಥೆಪ್ಸಿನ್‌ಗಳನ್ನೂ ಒಂದಿಷ್ಟು ತಡೆಯುವುದರಿಂದ ಕ್ಯಾಸ್ಪೇಸ್ ಜೀನನ್ನೇ ತೆಗೆದ ಕೋಶಗಳ ಹೋಲಿಕೆ ಹೆಚ್ಚು ನಂಬಿಕೆಗೆ ಅರ್ಹ. ಇನ್ನು ಗಣಕದ ಹುಡುಕಾಟದಲ್ಲಿ ಶೇಕಡಾ ಒಂದರಷ್ಟು ತಪ್ಪನ್ನು ಒಪ್ಪಿಕೊಳ್ಳುವುದು ವಾಡಿಕೆ. ಸಾಮಾನ್ಯ ಪ್ರೋಟಿಯೋಮಿಕ್ಸ್‌ನಲ್ಲಿ ಒಂದು ಪ್ರೋಟೀನಿಗೆ ಹತ್ತಾರು ಪೆಪ್ಟೈಡುಗಳು ಸಾಕ್ಷಿ ಹೇಳುವುದರಿಂದ ಆ ತಪ್ಪು ಅಷ್ಟಾಗಿ ಬಾಧಿಸುವುದಿಲ್ಲ. ಒಂದೇ ಪೆಪ್ಟೈಡಿನ ಮೇಲೆ ನಿಂತ ಕಡಿತದ ತಾಣಕ್ಕೆ ಬಾಧಿಸುತ್ತದೆ.

ಪಟ್ಟಿಗಳು ಬೆಳೆಯುತ್ತಲೇ ಹೋದವು. ವೆಲ್ಸ್ ತಂಡವೇ 2013ರಲ್ಲಿ ಪ್ರಕಟಿಸಿದ ಡಿಗ್ರಾಬೇಸ್ ಎಂಬ ದತ್ತಸಂಚಯದಲ್ಲಿ ಬದುಕಿದ ಮತ್ತು ಸಾಯುತ್ತಿದ್ದ ಕೋಶಗಳಿಂದ ಪಡೆದ 8,000ಕ್ಕೂ ಹೆಚ್ಚು ತುದಿಗಳಿದ್ದವು, ಅವುಗಳಲ್ಲಿ ಸುಮಾರು 1,700 ಆಸ್ಪಾರ್ಟಿಕ್ ಆಮ್ಲದ ನಂತರದವು. ಇಷ್ಟೊಂದು ಪ್ರೋಟೀನುಗಳು ತುಂಡಾಗುವುದು ಕೋಶವನ್ನು ಸಾಯಿಸಲು ಅಗತ್ಯವೇ ಎಂಬ ಪ್ರಶ್ನೆ ಆಗ ಏಳಲೇಬೇಕಾಗಿತ್ತು. ಹೆಚ್ಚಿನವು ದಾರಿಹೋಕರು, ಕಿಣ್ವದ ಎದುರಿಗೆ ಬಂದದ್ದಕ್ಕೆ ತುಂಡಾದವು ಎಂದು ಒಂದು ಪಂಥ ಹೇಳುತ್ತದೆ. ಒಂದೇ ಹಾದಿಯ ಹಲವು ಪ್ರೋಟೀನುಗಳನ್ನು ಸ್ವಲ್ಪಸ್ವಲ್ಪ ಕೆಡಿಸಿದರೂ ಆ ಹಾದಿಯೇ ಮುಚ್ಚಿಹೋಗುತ್ತದೆ ಎಂದು ಇನ್ನೊಂದು ಪಂಥ. ಬೇರೆಬೇರೆ ಪ್ರಾಣಿಗಳಲ್ಲಿ ಕಡಿತದ ತಾಣಗಳನ್ನು ಹೋಲಿಸಿ ನೋಡಿದಾಗ ತಾಣಕ್ಕಿಂತ ಪ್ರೋಟೀನು, ಪ್ರೋಟೀನಿಗಿಂತ ಅದು ಸೇರಿರುವ ಹಾದಿ ಹೆಚ್ಚು ಸ್ಥಿರವಾಗಿ ಉಳಿದುಬಂದಿರುವುದು ಕಂಡಿದ್ದರಿಂದ ನಾನು ಎರಡನೆಯ ಮಾತಿನ ಕಡೆಗೆ ವಾಲುತ್ತೇನೆ, ಆದರೆ ಪ್ರಮಾಣದ ಲೆಕ್ಕ ಕೈಗೆ ಬರದೆ ಈ ವಾದ ತೀರುವುದಿಲ್ಲ.

ಆ ಲೆಕ್ಕದ ಕಡೆಗೆ ಇಟ್ಟ ಒಳ್ಳೆಯ ಹೆಜ್ಜೆ 2012ರದ್ದು. ಕೋಶಗಳನ್ನು ಒಡೆದ ದ್ರಾವಣಕ್ಕೆ ಅಳೆದು ಕ್ಯಾಸ್ಪೇಸ್ ಹಾಕಿ, ಆಯ್ದ ಪೆಪ್ಟೈಡುಗಳನ್ನು ಮಾತ್ರ ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಹೊತ್ತಿನಿಂದ ಹೊತ್ತಿಗೆ ಅಳೆದು, ನೂರಾರು ಪ್ರೋಟೀನುಗಳು ಯಾವ ವೇಗದಲ್ಲಿ ಕಡಿತಗೊಳ್ಳುತ್ತವೆ ಎಂದು ವೆಲ್ಸ್ ತಂಡ ತೋರಿಸಿತು. ಅತಿ ವೇಗದ್ದಕ್ಕೂ ಅತಿ ನಿಧಾನದ್ದಕ್ಕೂ ನೂರಾರು ಪಟ್ಟು ಅಂತರವಿತ್ತು. ಒಂದೇ ಪಟ್ಟಿಯಲ್ಲಿ ಒಂದರ ಕೆಳಗೊಂದು ಕುಳಿತಿದ್ದ ಪ್ರೋಟೀನುಗಳು ಸಮಾನರಲ್ಲ ಎಂಬುದು ಇದರಿಂದ ಅಂಕಿಯಲ್ಲೇ ಸಾಬೀತಾಯಿತು. ಅದೇ ವರ್ಷ ಬಂದ ಇನ್ನೊಂದು ಅಧ್ಯಯನದಲ್ಲಿ ಔಷಧ ಬದಲಾದರೆ, ಕೋಶದ ಬಗೆ ಬದಲಾದರೆ ಕಡಿತಗಳ ವಿನ್ಯಾಸವೂ ಬದಲಾಗುತ್ತದೆ ಎಂದು ಕಂಡುಬಂತು.

ಆದರೂ ಪಾತ್ರೆಯಲ್ಲಿನ ಲಕ್ಷಾಂತರ ಕೋಶಗಳನ್ನು ಒಟ್ಟಿಗೆ ಅರೆದು ಅಳೆದ ವೇಗವನ್ನು ಒಂದು ಕೋಶದೊಳಗಿನ ವೇಗವೆಂದು ಓದಬಾರದು. ಹೊಳೆಯುವ ಸಂವೇದಕಗಳನ್ನಿಟ್ಟು ಸೂಕ್ಷ್ಮದರ್ಶಕದಡಿ ಒಂಟಿ ಕೋಶಗಳನ್ನು ನೋಡಿದವರು ತಿಳಿಸಿದಂತೆ, ಔಷಧ ಹಾಕಿದ ಮೇಲೆ ಒಂದು ಕೋಶ ಎರಡು ಗಂಟೆಗೆ ಸಾಯಲು ಹೊರಟರೆ ಪಕ್ಕದ್ದು ಎಂಟು ಗಂಟೆ ಕಾಯಬಹುದು; ಒಮ್ಮೆ ಹೊರಟ ಮೇಲೆ ಮಾತ್ರ ಕಡಿತಗಳೆಲ್ಲ ಹತ್ತಾರು ನಿಮಿಷಗಳಲ್ಲಿ ಮುಗಿದುಹೋಗುತ್ತವೆ. ಹಾಗಾಗಿ ನಾಲ್ಕು ಗಂಟೆಯ ಮಾದರಿಯಲ್ಲಿ ಒಂದು ಪ್ರೋಟೀನು ಶೇಕಡಾ 40ರಷ್ಟು ತುಂಡಾಗಿದೆ ಎಂದರೆ ಪ್ರತಿ ಕೋಶದಲ್ಲೂ ಶೇಕಡಾ 40 ತುಂಡಾಗಿರಬಹುದು, ಶೇಕಡಾ 40 ಕೋಶಗಳಲ್ಲಿ ಪೂರ್ತಿ ತುಂಡಾಗಿರಲೂಬಹುದು. ಎರಡರ ಜೈವಿಕ ಅರ್ಥವೂ ಬೇರೆಬೇರೆ. ಪಾರ್ಪ್-1ರಂಥ ಬೇಗನೆ ಪೂರ್ತಿಯಾಗಿ ತುಂಡಾಗುವ ಪ್ರೋಟೀನನ್ನು ಅದೇ ಮಾದರಿಯಲ್ಲಿ ಅಳೆದು, ಉಳಿದವನ್ನು ಅದಕ್ಕೆ ಹೋಲಿಸಿ ಹೇಳುವುದು ಸದ್ಯಕ್ಕಿರುವ ಸರಳ ಉಪಾಯ. ಪಾರ್ಪ್-1 ಶೇಕಡಾ 40 ಮತ್ತು ಇನ್ನೊಂದು ಪ್ರೋಟೀನೂ ಶೇಕಡಾ 40 ಎಂದಿದ್ದರೆ, ಸಾಯಲು ಹೊರಟ ಕೋಶಗಳಲ್ಲಿ ಆ ಎರಡನೆಯದೂ ಬಹುಮಟ್ಟಿಗೆ ಪೂರ್ತಿ ತುಂಡಾಗಿದೆ ಎಂದು ಭಾವಿಸಬಹುದು. ಇಂಥ ಹೋಲಿಕೆಯ ಒಂದು ಕಂಬಸಾಲು ಪಟ್ಟಿಯಲ್ಲಿದ್ದರೆ ಓದುಗನಿಗೆ ಎಷ್ಟು ಉಪಕಾರವಾಗುತ್ತದೆ! ಅದರ ಬದಲು ಹೆಚ್ಚಿನ ಪ್ರಬಂಧಗಳು ಬಣ್ಣಬಣ್ಣದ ಚುಕ್ಕೆಗಳ ವಾಲ್ಕೆನೊ ಪ್ಲಾಟ್ ಎಂಬ ನಕ್ಷೆಯೊಂದನ್ನು ಕೊಟ್ಟು ಮುಂದೆ ಸಾಗುತ್ತವೆ.

ಕಡಿತ ಆಗುವುದಕ್ಕೂ ಆದ ಮೇಲಿನದಕ್ಕೂ ಬೇರೆ ನಿಯಂತ್ರಣಗಳಿವೆ. ಕಡಿಯುವ ಜಾಗದ ಅಕ್ಕಪಕ್ಕದ ಸೀರೀನ್ ಅಥವಾ ಥ್ರಿಯೊನೀನ್‌ಗೆ ಫಾಸ್ಫೇಟ್ ಸೇರಿದ್ದರೆ ಕ್ಯಾಸ್ಪೇಸ್ ಅಲ್ಲಿಗೆ ಬರಲಾಗದು; ಬಿಡ್ ಪ್ರೋಟೀನನ್ನು ಕೇಸೀನ್ ಕೈನೇಸ್‌ಗಳು ಹೀಗೆಯೇ ಕಾಯುತ್ತವೆ. ತದ್ವಿರುದ್ಧವಾದದ್ದೂ ಇದೆ: ಫಾಸ್ಫೇಟ್ ಸೇರಿದ್ದರಿಂದಲೇ ಕ್ಯಾಸ್ಪೇಸ್-8ಕ್ಕೆ ಕಡಿಯಲು ಅನುಕೂಲವಾಗುವ ತಾಣಗಳನ್ನು ಕ್ರಾವಾಟ್ ತಂಡ 2012ರಲ್ಲಿ ತೋರಿಸಿತು. ತುಂಡಾದ ಮೇಲೆ, ಹೊಸ ತುದಿಯಲ್ಲಿ ಯಾವ ಅಮೈನೊ ಆಮ್ಲವಿದೆ ಎಂಬುದರ ಮೇಲೆ ಆ ತುಂಡಿನ ಆಯುಸ್ಸು ನಿಂತಿದೆ. ಸಾವನ್ನು ಉತ್ತೇಜಿಸುವ ಕೆಲವು ತುಂಡುಗಳ ತುದಿಯನ್ನು ಗುರುತಿಸಿ ಕೋಶವು ಅವನ್ನು ಬೇಗನೆ ನಾಶಪಡಿಸುತ್ತದೆ, ಆ ಮೂಲಕ ಸಾವಿಗೆ ಒಂದಿಷ್ಟು ತಡೆಯೊಡ್ಡುತ್ತದೆ ಎಂದು ವರ್ಷಾವ್ಸ್ಕಿ ಅವರ ತಂಡ ಅದೇ ವರ್ಷ ತಿಳಿಸಿತು. ತುದಿ ಹಿಡಿಯುವ ಪ್ರಯೋಗದಲ್ಲಿ ಇಂಥ ತುಂಡು ಕಡಿಮೆ ಪ್ರಮಾಣದಲ್ಲಿ ಸಿಕ್ಕರೆ ಕಡಿತ ಕಡಿಮೆ ಎಂದಾಗಲಿ, ಆ ಪ್ರೋಟೀನು ಮುಖ್ಯವಲ್ಲ ಎಂದಾಗಲಿ ತೀರ್ಮಾನಿಸುವಂತಿಲ್ಲ.

ನಮ್ಮಲ್ಲಿನ ವಿದ್ಯಾರ್ಥಿಗಳು ಇದಕ್ಕೆಲ್ಲ ದುಬಾರಿ ಯಂತ್ರ ಬೇಕಲ್ಲ ಎನ್ನುತ್ತಾರೆ. ಯಂತ್ರವಿಲ್ಲದೆಯೂ ಮಾಡಬಹುದಾದದ್ದು ಬಹಳವಿದೆ. 2014ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಮಾನವ ಪ್ರೋಟಿಯೋಮ್‌ನ ಕರಡು ನಕ್ಷೆಯಲ್ಲಿ ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್ ಪ್ರಮುಖ ಪಾಲುದಾರನಾಗಿತ್ತು. 30 ಬಗೆಯ ಮಾನವ ಮಾದರಿಗಳಿಂದ 17,294 ಜೀನುಗಳ ಪ್ರೋಟೀನುಗಳನ್ನು ಗುರುತಿಸಿದ ಆ ಕೆಲಸದ ಮೂಲ ದತ್ತಾಂಶ ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಸಾರ್ವಜನಿಕವಾಗಿದೆ. ಅಪೊಪ್ಟೋಸಿಸ್‌ನ ಹಲವು ದತ್ತಾಂಶಗಳೂ ಪ್ರೈಡ್ ಎಂಬ ಸಾರ್ವಜನಿಕ ದತ್ತಾಂಶ ಭಂಡಾರದಲ್ಲಿ ಸಿಗುತ್ತವೆ. ಒಂದು ತುದಿ ಮಾತ್ರ ಟ್ರಿಪ್ಸಿನ್‌ನದ್ದಾಗಿರುವ ಪೆಪ್ಟೈಡುಗಳನ್ನು ಹುಡುಕಲು ಮ್ಯಾಕ್ಸ್‌ಕ್ವಾಂಟ್ ಅಥವಾ ಎಂಎಸ್‌ಫ್ರ್ಯಾಗರ್‌ನಂಥ, ಶಿಕ್ಷಣ ಸಂಸ್ಥೆಗಳಿಗೆ ಉಚಿತವಾದ ತಂತ್ರಾಂಶ ಸಾಕು. ಹುಡುಕಾಟದ ವ್ಯಾಪ್ತಿ ಹಲವು ಪಟ್ಟು ಹಿಗ್ಗುವುದರಿಂದ ಗಣಕ ನಿಧಾನವಾಗುತ್ತದೆ, ಸುಳ್ಳು ಹೊಂದಿಕೆಗಳೂ ಹೆಚ್ಚುತ್ತವೆ. ಆದರೆ ಕಡಿತದ ತಾಣ ಎಂಬುದು ದತ್ತಾಂಶದಲ್ಲಿ ಹೇಗೆ ಕಾಣುತ್ತದೆ, ಎಷ್ಟು ಸಲ ಕಂಡಂತೆ ಮಾಡಿ ಮೋಸಗೊಳಿಸುತ್ತದೆ ಎಂಬುದು ಹೀಗೆ ಕೈಯಾರೆ ಮಾಡಿದಾಗ ತಿಳಿದಷ್ಟು ಪ್ರಬಂಧ ಓದಿ ತಿಳಿಯುವುದಿಲ್ಲ.

ಆಸ್ಪತ್ರೆಯಲ್ಲಿ ಇದರ ಉಪಯೋಗವೇನೆಂದು ಕೇಳುವವರಿಗೆ ಒಂದು ಉದಾಹರಣೆ ಸಾಕು. ಅಂಗಗಳ ಹೊದಿಕೆಯಾದ ಎಪಿಥೀಲಿಯಲ್ ಕೋಶಗಳ ಕೆರಾಟಿನ್-18 ಎಂಬ ಪ್ರೋಟೀನು 396ನೆಯ ಆಸ್ಪಾರ್ಟಿಕ್ ಆಮ್ಲದ ನಂತರ ತುಂಡಾದಾಗ ತೆರೆದುಕೊಳ್ಳುವ ತುದಿಯನ್ನು ಮಾತ್ರ ಗುರುತಿಸುವ ಎಂ30 ಎಂಬ ಪ್ರತಿಕಾಯವಿದೆ. ಚಿಕಿತ್ಸೆಯಿಂದ ಗೆಡ್ಡೆಯ ಕೋಶಗಳು, ಅಥವಾ ಕಾಯಿಲೆಯಿಂದ ಯಕೃತ್ತಿನ ಕೋಶಗಳು ಸಾಯುತ್ತಿವೆಯೇ ಎಂದು ರಕ್ತದಲ್ಲಿ ಅಳೆಯಲು ಸಂಶೋಧಕರು ಅದನ್ನು ಬಳಸುತ್ತಾರೆ. ಕೀಮೊಥೆರಪಿ ಪಡೆದ ರಕ್ತದ ಕ್ಯಾನ್ಸರ್ ರೋಗಿಗಳ ಪ್ಲಾಸ್ಮಾದಲ್ಲಿ ಸಬ್ಟಿಲಿಗೇಸ್ ಬಳಸಿ ಇಂಥ ಇತರ ತುಂಡುಗಳನ್ನೂ ಹುಡುಕಿದ್ದಾರೆ. ರಕ್ತದ ಪ್ರೋಟೀನಿನಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಬುಮಿನ್ ಒಂದೇ ಇರುವಾಗ ಸತ್ತ ಕೋಶದಿಂದ ಸೋರಿದ ಒಂದು ತುಂಡನ್ನು ಹಿಡಿಯುವುದು ಸುಲಭದ ಮಾತಲ್ಲ.

ನನ್ನ ಕುತೂಹಲ ಈಗ ಹೆಚ್ಚಾಗಿ ಹರಿಯುವುದು ಕ್ಯಾಸ್ಪೇಸ್ ಎಚ್ಚೆತ್ತೂ ಸಾಯದ ಕೋಶಗಳ ಕಡೆಗೆ. ಕೆಂಪು ರಕ್ತಕಣವಾಗಿ ಮಾಗುತ್ತಿರುವ ಕೋಶದಲ್ಲಿ ಕ್ಯಾಸ್ಪೇಸ್-3 ಎಚ್ಚರಗೊಂಡು ಹಲವು ಪ್ರೋಟೀನುಗಳನ್ನು ಕಡಿಯುತ್ತದೆ, ಆದರೆ ಆ ಕೋಶಕ್ಕೆ ತೀರಾ ಅಗತ್ಯವಾದ ಗಾಟಾ-1 ಎಂಬ ಪ್ರೋಟೀನನ್ನು ಕೋಶಕೇಂದ್ರದಲ್ಲಿ ಎಚ್‌ಎಸ್‌ಪಿ70 ಎಂಬ ರಕ್ಷಕ ಪ್ರೋಟೀನು ಕಾಪಾಡಿಕೊಳ್ಳುತ್ತದೆ. ಎರಿಥ್ರೊಪೊಯೆಟಿನ್ ಎಂಬ ಹಾರ್ಮೋನು ಸಿಗದಿದ್ದರೆ ಎಚ್‌ಎಸ್‌ಪಿ70 ಕೋಶಕೇಂದ್ರ ಬಿಟ್ಟುಹೋಗಿ, ಗಾಟಾ-1 ತುಂಡಾಗಿ, ಕೋಶ ಸಾಯುತ್ತದೆ. 2007ರಲ್ಲಿ ಪ್ರಕಟವಾದ ಈ ಒಂದು ಸಂಗತಿ ಬೇಡುವ ಪಟ್ಟಿ ಬೇರೆಯೇ ಬಗೆಯದು: ಕಡಿಯಬಹುದಾಗಿದ್ದರೂ ಕಡಿಯದೆ ಉಳಿದ ಪ್ರೋಟೀನುಗಳ ಪಟ್ಟಿ. ತುದಿ ಹಿಡಿಯುವ ವಿಧಾನಗಳಲ್ಲಿ ಅದು ಸಿಗುವಂತಿಲ್ಲ, ಏಕೆಂದರೆ ಅಲ್ಲಿ ಕಡಿಯದೆ ಉಳಿದದ್ದಕ್ಕೂ ಯಂತ್ರಕ್ಕೆ ಕಾಣದೆ ಹೋದದ್ದಕ್ಕೂ ವ್ಯತ್ಯಾಸವೇ ತಿಳಿಯುವುದಿಲ್ಲ. ಕಡಿತದ ತಾಣವನ್ನು ದಾಟಿ ಹೋಗುವ ಇಡಿಯಾದ ಪೆಪ್ಟೈಡನ್ನೂ ತುಂಡಾದ ಪೆಪ್ಟೈಡನ್ನೂ ಒಂದೇ ಮಾದರಿಯಲ್ಲಿ, ತೂಕ ಗೊತ್ತಿರುವ ಕೃತಕ ಪೆಪ್ಟೈಡುಗಳ ಜೊತೆಗೆ ಅಳೆದರೆ ಮಾತ್ರ ಅದು ಸಾಧ್ಯ. ಮಾಗುತ್ತಿರುವ ರಕ್ತಕೋಶಗಳಲ್ಲಿ, ಒಂದಷ್ಟು ಆಯ್ದ ಪ್ರೋಟೀನುಗಳಿಗಾದರೂ, ಆ ಅಳತೆಯನ್ನು ಮಾಡಿ ನೋಡಬೇಕೆಂಬುದು ನನ್ನ ಆಸೆ.